ಫ್ಲೆಕ್ಸಿನಲ್ಲಿ ಬರೆಸಿದ ಎರಡು ಸಾಲು

ಆಳ ಸಮುದ್ರಕ್ಕೆ ಹೋಗುವ ಬೋಟನ್ನು ನಡೆಸುವವನನ್ನು ನಮ್ಮಲ್ಲಿ ತಂಡೇಲ ಎನ್ನುತ್ತಾರೆ. ಪ್ರತಿಯೊಬ್ಬ ತಂಡೇಲನ ಬಳಿಯೂ ಒಂದು ಪುಸ್ತಕ ಇರುತ್ತದೆ. ನನ್ನದು ಶಾಲೆಯ ಮಕ್ಕಳು ಬರೆಯುವಂಥ ದಪ್ಪ ನೋಟ್‌ಬುಕ್ಕು, ಉಪ್ಪುನೀರು ತಾಗದಂತೆ ಮೇಲೆ ಪ್ಲಾಸ್ಟಿಕ್ ಹೊದಿಕೆ. ಯಾವ ತಿಂಗಳಲ್ಲಿ ಬೊಂಡಾಸು ಮೀನು ಕಡಲೊಳಗಿನ ಯಾವ ಕಲ್ಲಿನ ಹತ್ತಿರ ಸಿಗುತ್ತದೆ, ಎಲ್ಲಿ ಬಲೆ ಎಳೆದರೆ ಹರಿದು ಹೋಗುತ್ತದೆ, ಎಲ್ಲವೂ ಅದರಲ್ಲಿ ಜಿಪಿಎಸ್ಸಿನ ಅಂಕಿಗಳಾಗಿ ಇವೆ. ನಾವು ಅವನ್ನು ಪಾಯಿಂಟ್ ಎನ್ನುತ್ತೇವೆ. ಪುಸ್ತಕ ಬೇರೆಯವರ ಕೈಗೆ ಸಿಕ್ಕರೂ ಉಪಯೋಗ ಆಗಬಾರದೆಂದು ಅಂಕಿಗಳನ್ನು ನನಗೆ ಮಾತ್ರ ಗೊತ್ತಿರುವ ಒಂದು ಕ್ರಮದಲ್ಲಿ ತಿರುಗಿಸಿ ಬರೆದಿದ್ದೇನೆ. ಮಲ್ಪೆ ಬಂದರಿನ ಬಾಯಿ ಕಾಣುವ ಮೊದಲೇ ಯಂತ್ರದಲ್ಲಿ ಬೋಟು ಓಡಾಡಿದ ಗೆರೆಗಳನ್ನೆಲ್ಲ ಅಳಿಸುತ್ತೇನೆ. ಒಮ್ಮೆ ನನ್ನ ಭಾವ ಬಹಳ ಒತ್ತಾಯ ಮಾಡಿ ಒಂದು ಪಾಯಿಂಟ್ ಕೇಳಿದಾಗ ಮೂರು ಮೈಲು ಆಚೆಯ ಅಂಕಿ ಕೊಟ್ಟೆ. ಅವನಿಗೆ ಅಲ್ಲಿ ಜೆಲ್ಲಿಮೀನು ಮಾತ್ರ ಸಿಕ್ಕಿತು. ಈಗಲೂ ಮದುವೆ ಮನೆಗಳಲ್ಲಿ ಅದನ್ನು ಹೇಳಿ ನನ್ನನ್ನು ಬೈಯುತ್ತಾನೆ.

ಗುಟ್ಟು ಕಾಯುವುದು ನನಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬಾರದು ಎಂದೇ ಇದನ್ನು ಮೊದಲು ಬರೆದೆ.

ನಾನು ಏಳನೆಯ ತರಗತಿ ಮುಗಿಸಿ ಬೋಟಿಗೆ ಹೋದೆ. ಯಾರೂ ಕಳಿಸಿದ್ದಲ್ಲ. ಶಾಲೆ ನನಗೆ ಹಿಡಿಸಲಿಲ್ಲ. ಆದರೆ ತಂಗಿಯನ್ನು ಓದಿಸಲು ನಾನು ಓದು ಬಿಟ್ಟೆ ಎಂದು ಕಾಪುವಿನಲ್ಲಿ ನಮ್ಮ ಕಡೆಯ ಜನ ಹೇಳುತ್ತಾರೆ. ಆ ಮಾತನ್ನು ನಾನು ಯಾವತ್ತೂ ತಿದ್ದಲಿಲ್ಲ. ಕೇಳಲು ಚೆನ್ನಾಗಿತ್ತು. ಬಲೆ ಬಿಟ್ಟು ಕಾಯುವ ಹೊತ್ತಿನಲ್ಲಿ ಹಳೆಯ ಪೇಪರ್ ಓದಿ ಓದಿ ನಾಲ್ಕು ಸಾಲು ಬರೆಯುವುದು ಕಲಿತೆ. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡಕ್ಕೆ ತಂದಿದ್ದೇನೆ.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಹಾಸ್ಟೆಲ್ಲಿನಲ್ಲಿದ್ದಳು. ಭಾನುವಾರ ಬೋಟು ದಡದಲ್ಲಿದ್ದರೆ ಅಮ್ಮ ಮಾಡಿದ ಒಣ ಸೀಗಡಿ ಚಟ್ನಿಯ ಡಬ್ಬಿ ಹಿಡಿದುಕೊಂಡು ನಾನು ಹೋಗುತ್ತಿದ್ದೆ. ಡಬ್ಬಿ ಅವಳ ಕೈ ಸೇರುವ ಮೊದಲೇ ಅವಳ ಗೆಳತಿಯರು ವಾಸನೆ ಹಿಡಿದು ಬರುತ್ತಿದ್ದರು. ಒಂದು ಸಂಜೆ ಅವಳು ನನ್ನನ್ನು ಗುಡ್ಡದ ಅಂಚಿಗೆ ಕರೆದುಕೊಂಡು ಹೋದಳು. ಕೆಳಗೆ ಸ್ವರ್ಣಾ ನದಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು, ಸೂರ್ಯ ಆಗಷ್ಟೇ ಮುಳುಗಿದ್ದ. ಅವಳು ಗಡಿಯಾರ ನೋಡಿ ಆಕಾಶದ ಒಂದು ಮೂಲೆಗೆ ಕೈ ತೋರಿಸಿದಳು. ಅಲ್ಲಿಂದಲೇ ಒಂದು ಚುಕ್ಕೆ ಎದ್ದು ನೆತ್ತಿಯ ಮೇಲೆ ಹಾದು ಹೋಯಿತು.

"ಅದು ಉಪಗ್ರಹ. ಮಿಣಕುವುದಿಲ್ಲ ನೋಡು. ಮಿಣಕಿದರೆ ಅದು ವಿಮಾನ," ಎಂದಳು.

ಅದರಲ್ಲಿ ಯಾರಿದ್ದಾರೆ ಎಂದು ನಾನು ಕೇಳಿದೆ. ಯಾರೂ ಇಲ್ಲ ಎಂದು ನಕ್ಕಳು. "ಅದಕ್ಕೇ ಕಷ್ಟ ಅಣ್ಣ. ಅದಕ್ಕೆ ಎಂತ ಆದರೂ ನೋಡಿದವರು ಯಾರೂ ಇರುವುದಿಲ್ಲ."

ಆ ಮಾತೇ ಮುಂದೆ ಅವಳ ಕೆಲಸವಾಯಿತು. ಎಲ್ಲಿ, ಯಾವ ಕಚೇರಿ ಎಂದು ಬರೆಯುವುದಿಲ್ಲ. ಘಟ್ಟದ ಮೇಲಿನ ಒಂದು ಊರು ಎಂದಿಟ್ಟುಕೊಳ್ಳಿ. ಫೋನನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋಗಬೇಕು, ಸಂಜೆ ಹೊರಗೆ ಬಂದ ಮೇಲೆಯೇ ನಮ್ಮ ಕರೆಗೆ ಉತ್ತರ. ಅಮ್ಮನಿಗೆ ಕಂಪ್ಯೂಟರ್ ಕೆಲಸ ಎಂದಷ್ಟೇ ಹೇಳಿದ್ದಳು. ಅಮ್ಮ ಅದನ್ನೇ ಎಲ್ಲರಿಗೂ ಹೇಳುತ್ತಿದ್ದರು.

ಎರ್ಮಾಳಿನಲ್ಲಿರುವ ದೊಡ್ಡಮ್ಮನಿಗೆ ಅದು ಸಾಕಾಗಲಿಲ್ಲ. ಅವರ ಮೊಮ್ಮಗಳು ಕುವೈತಿನಲ್ಲಿ ನರ್ಸು, ಅಳಿಯ ದುಬೈಯಲ್ಲಿ ಕ್ರೇನ್ ನಡೆಸುವವ. ಎಲ್ಲರ ಕೆಲಸಕ್ಕೂ ಒಂದು ಹೆಸರಿತ್ತು. ಮೀನು ಒಣಗಿಸುವ ಜಾಗದಲ್ಲಿ ಹತ್ತು ಹೆಂಗಸರ ಎದುರು ನನ್ನನ್ನು ನಿಲ್ಲಿಸಿ ಕೇಳಿದರು. "ಅಷ್ಟು ಕಲಿತು, ಕೆಲಸ ಎಂತ ಅಂತ ಹೇಳ್ಲಿಕ್ಕೆ ಅವಳಿಗೆ ಬಾಯಿ ಬರುದಿಲ್ವಾ? ಫೋನಲ್ಲಿ ಸೋಪು ಮಾರುವ ಕೆಲಸವಾ ಎಂತ?"

ಹೆಂಗಸರು ನಕ್ಕರು. ನಾನೂ ನಕ್ಕೆ. ಆದರೆ ಆ ನಗುವನ್ನು ಬಹಳ ದಿನ ಮರೆಯಲಿಲ್ಲ.

ಮಳೆಗಾಲದಲ್ಲಿ ಎರಡು ತಿಂಗಳು ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಅಂಥ ಒಂದು ಮಳೆಗಾಲದಲ್ಲಿ ತಂಗಿ ಒಂದು ವಾರದ ರಜೆಗೆ ಬಂದಿದ್ದಳು. ನಾನು ಜಗಲಿಯಲ್ಲಿ ಬಲೆಯ ತೂತು ಮುಚ್ಚುತ್ತಿದ್ದೆ. ಗಲ್ಫಿನಲ್ಲಿ ಹಡಗು ಎಳೆಯುವ ಟಗ್ ಬೋಟಿನಲ್ಲಿ ಕೆಲಸ ಮಾಡುವ ನಮ್ಮ ಮಾವನ ಮಗ ಊರಿಗೆ ಬಂದವನು ಮಾತಾಡಿಸಲು ಬಂದ. ಕಳೆದ ಸಲ ಅಲ್ಲಿ ಗಲಾಟೆಯಾದಾಗ ಜಿಪಿಎಸ್ಸಿಗೆ ಹುಚ್ಚು ಹಿಡಿದಿತ್ತು ಎಂದ. "ಸ್ಕ್ರೀನಿನಲ್ಲಿ ನಮ್ಮ ಟಗ್ಗು ವಿಮಾನ ನಿಲ್ದಾಣದ ನಡುವೆ ನಿಂತಿದೆ ಮಾರಾಯ. ಕಿಟಕಿಯಲ್ಲಿ ನೋಡಿದರೆ ಸುತ್ತ ನೀರು. ಕ್ಯಾಪ್ಟನ್ ಹೇಳ್ತಾನೆ, ಎಲ್ಲರೂ ಬೆಲ್ಟ್ ಕಟ್ಟಿಕೊಳ್ಳಿ, ಈಗ ಹಾರುತ್ತದೆ ಅಂತ."

ನಾವೆಲ್ಲ ನಕ್ಕೆವು. ತಂಗಿ ನಗಲಿಲ್ಲ. ಯಾವ ದಿಕ್ಕಿನಿಂದ ಶುರುವಾಯಿತು, ಎಷ್ಟು ಹೊತ್ತು ಇತ್ತು ಎಂದು ಅವನನ್ನು ಕೇಳುತ್ತ ಹೋದಳು. ಅವನು ಹೋದ ಮೇಲೆ, ಅದು ಹೇಗೆ ಎಂದು ನಾನು ಅವಳನ್ನು ಹಿಡಿದುಕೊಂಡೆ. ಇಪ್ಪತ್ತು ವರ್ಷ ಆ ಯಂತ್ರವನ್ನು ನಂಬಿ ಕಡಲಲ್ಲಿ ತಿರುಗಿದವನು ನಾನು. ಅದು ಸುಳ್ಳು ಹೇಳುತ್ತದೆ ಎಂದರೆ ನನಗೆ ಗೊತ್ತಾಗಬೇಡವೇ?

ಅವಳು ನನ್ನ ಪಕ್ಕ ಕುಳಿತು ಬಲೆಯ ಇನ್ನೊಂದು ತುದಿ ಹಿಡಿದಳು. ನನಗೆ ಅರ್ಥವಾಗುವ ಹಾಗೆ ಹೇಳಿದಳು. ಉಪಗ್ರಹವನ್ನು ಹೊಡೆದು ಬೀಳಿಸಬೇಕೆಂದಿಲ್ಲ. ಅದರ ಮಾತನ್ನು ಮುಚ್ಚಿ ಬೇರೆ ಮಾತು ಕೇಳಿಸಿದರೆ ಸಾಕು. ಅದರ ಕಣ್ಣಿಗೆ ಬೆಳಕು ಬಿಟ್ಟರೆ ಸಾಕು. ಇನ್ನೊಂದು ದೇಶದ ಉಪಗ್ರಹ ಬಂದು ಪಕ್ಕದಲ್ಲಿ ಸುಮ್ಮನೆ ನಿಂತರೂ ಸಾಕು, ಯಾಕೆ ಬಂತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಸೈನ್ಯ, ನೌಕಾಪಡೆ ದೂರ ನೋಡುವುದು, ದೂರ ಮಾತಾಡುವುದು ಎಲ್ಲ ಅವುಗಳಿಂದ. ಹೊಡೆಯುವವನು ಮೊದಲು ಅವುಗಳನ್ನೇ ಕುರುಡು ಮಾಡುತ್ತಾನೆ. ಅಲ್ಲಿ ಕೋಸ್ಟ್ ಗಾರ್ಡಿನವರು ಇಲ್ಲವೇ ಎಂದು ನಾನು ಕೇಳಿದೆ. ಕಡಲಲ್ಲಿ ನಮ್ಮ ದೇಶಕ್ಕಿರುವಂಥ ಹನ್ನೆರಡು ಮೈಲಿನ ಗಡಿಗೆರೆ ಕೂಡ ಅಲ್ಲಿ ಇಲ್ಲ ಎಂದಳು. ಹಾಗಾದರೆ ನೀವು ಮಾಡುವುದೇನು ಎಂದೆ.

"ಮುಟ್ಟಿದರೆ ನಮಗೆ ಗೊತ್ತಾಗುತ್ತದೆ ಅಂತ ಅವರಿಗೆ ಗೊತ್ತಿರಬೇಕು. ಹೇಗೆ ಗೊತ್ತಾಗುತ್ತದೆ ಅಂತ ಗೊತ್ತಿರಬಾರದು. ಆಗ ಮುಟ್ಟುವ ಮೊದಲು ಅವರು ನಾಲ್ಕು ಸಲ ಯೋಚನೆ ಮಾಡ್ತಾರೆ. ನಮ್ಮದು ಹೊಡೆದಾಡುವ ಕೆಲಸ ಅಲ್ಲ ಅಣ್ಣ. ಹೊಡೆದಾಟ ಆಗದ ಹಾಗೆ ನೋಡುವ ಕೆಲಸ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾನು ಬಲೆ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ಮನೆಯಲ್ಲಿ ಮೊದಲ ಸಲ ಒಬ್ಬರಿಗೆ ತನ್ನ ಕೆಲಸ ಅರ್ಥವಾಗುತ್ತಿದೆ ಎಂಬ ಸಂತೋಷ ಆ ಮುಖದಲ್ಲಿತ್ತು. ಆ ಸಂತೋಷದಲ್ಲಿ 'ಹೇಗೆ' ಎಂಬುದರ ಬಗ್ಗೆಯೂ ಎರಡು ಮಾತು ಹೇಳಿಬಿಟ್ಟಳು. ಅವಳ ಗುಂಪಿನ ಏಳೆಂಟು ಜನ ಯಾವುದನ್ನು ನೋಡಿ ಕಂಡುಹಿಡಿಯುತ್ತಾರೆ ಎಂಬುದು. ಹೇಳಿದವಳು ತಟ್ಟನೆ ಮಾತು ನಿಲ್ಲಿಸಿದಳು.

"ಇದು ನಿನ್ನ ಪಾಯಿಂಟ್ ಪುಸ್ತಕ ಇದ್ದ ಹಾಗೆ. ಅಮ್ಮನಿಗೂ ಬೇಡ."

ಸರಿ ಎಂದೆ. ಆ ಕ್ಷಣಕ್ಕೆ ಮನಸ್ಸಿನಿಂದಲೇ ಹೇಳಿದ್ದೆ.

ಮಳೆಗಾಲ ಮುಗಿದು ಎರಡು ಮೂರು ತಿಂಗಳಾಗಿತ್ತು. ನಮ್ಮ ಮೀನುಗಾರರ ಸಂಘದ ವಾರ್ಷಿಕೋತ್ಸವ ಬಂತು. ನಮ್ಮ ಕಡೆ ವಾರ್ಷಿಕೋತ್ಸವ ಎಂದರೆ ಸನ್ಮಾನ ಆಗಲೇಬೇಕು. ಯಾರಾದರೊಬ್ಬರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಸನ್ಮಾನ ಪತ್ರ. ಆ ಪತ್ರವನ್ನು ವೇದಿಕೆಯಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು ರಾಗವಾಗಿ ಓದುತ್ತಾರೆ. ಒಂದು ವಾರ ಮೊದಲೇ ಹೆದ್ದಾರಿಯ ಬದಿಯಲ್ಲಿ ಫ್ಲೆಕ್ಸ್ ಏಳುತ್ತದೆ. ಆ ವರ್ಷ ನನ್ನ ತಂಗಿಗೆ ಮಾಡುವುದೆಂದು ತೀರ್ಮಾನಿಸಿ ಕಾರ್ಯದರ್ಶಿ ಮನೆಗೆ ಬಂದರು. ಅವಳಿಗೆ ಬರಲು ಆಗುವುದಿಲ್ಲ ಎಂದೆ. ಅಮ್ಮ ಸ್ವೀಕರಿಸಿದರೆ ಸಾಕು, ಅವಳಿಗೆ ಆಮೇಲೆ ಫೋಟೋ ಕಳಿಸಿ ಆಶ್ಚರ್ಯಪಡಿಸೋಣ ಎಂದರು. ನನಗೂ ಅದು ಒಳ್ಳೆಯದೆನಿಸಿತು.

ಆ ದಿನ ದೊಡ್ಡಮ್ಮ ಎರ್ಮಾಳಿನಿಂದ ಬಂದು ನಮ್ಮ ಬಾಗಿಲಲ್ಲೇ ಕುಳಿತಿದ್ದರು. ಪತ್ರದಲ್ಲಿ ಸಾಧನೆ ಎಂದು ಏನು ಬರೆಯಲಿ ಎಂದು ಕಾರ್ಯದರ್ಶಿ ಕೇಳಿದರು. ಕಂಪ್ಯೂಟರ್ ಕೆಲಸ ಎಂದು ಅಮ್ಮ ಹೇಳಿದರು.

"ಹಾಗೆ ಬರೆದರೆ ಜನ ನಗುತ್ತಾರೆ ಅಮ್ಮ. ಈಗ ಪಂಚಾಯತಿನಲ್ಲಿ ಕೂಡ ಕಂಪ್ಯೂಟರ್ ಉಂಟು."

"ನಾನು ಅದನ್ನೇ ಹೇಳಿದ್ದಲ್ವಾ," ಎಂದು ದೊಡ್ಡಮ್ಮ ವೀಳ್ಯದ ಎಲೆಗೆ ಸುಣ್ಣ ಸವರಿದರು.

ನಾನು ಹೇಳಿದೆ. ತಂಗಿ ಬಲೆಯ ತುದಿ ಹಿಡಿದುಕೊಂಡು ಹೇಳಿದ್ದ ಎರಡು ಮಾತನ್ನೂ ಒಂದಕ್ಷರ ಬಿಡದೆ ಹೇಳಿದೆ. ದೊಡ್ಡಮ್ಮನ ಕೈ ಎಲೆಯ ಮೇಲೆ ನಿಂತಿತು. ಕಾರ್ಯದರ್ಶಿ ಎರಡು ಸಲ ಕೇಳಿಸಿಕೊಂಡು ಬರೆದುಕೊಂಡರು. ಭಾವನಿಗೆ ಒಂದು ಪಾಯಿಂಟ್ ಕೊಡದವನು ಹೆದ್ದಾರಿಯಲ್ಲಿ ಹೋಗುವ ಎಲ್ಲರಿಗೂ ತಂಗಿಯ ಪುಸ್ತಕವನ್ನು ಬಿಡಿಸಿ ಕೊಟ್ಟೆ. ಆಗ ನನಗೆ ಅದು ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಕಾಪುವಿನ ಸಂಘದ ಸಭೆಗೂ ಆಕಾಶಕ್ಕೂ ಎಲ್ಲಿಯ ಸಂಬಂಧ ಎಂದು ಸಮಾಧಾನ ಮಾಡಿಕೊಂಡೆ.

ಫ್ಲೆಕ್ಸ್ ಆದಿ ಉಡುಪಿಯಲ್ಲಿ ಮುದ್ರಣವಾಯಿತು. ಒಂದನ್ನು ಕಾಪುವಿನ ಪೇಟೆಯಲ್ಲಿ, ಇನ್ನೊಂದನ್ನು ಉದ್ಯಾವರದಲ್ಲಿ ಹೆದ್ದಾರಿಗೆ ಮುಖ ಮಾಡಿ ಕಟ್ಟಿದರು. ನಡುವೆ ತಂಗಿಯ ಕಾಲೇಜಿನ ಫೋಟೋ, ಅದರ ಕೆಳಗೆ ಆ ಎರಡು ಸಾಲು ಕೆಂಪು ಅಕ್ಷರದಲ್ಲಿ. ಇನ್ನೂ ಕೆಳಗೆ ಶುಭ ಕೋರುವವರ ಸಾಲಿನಲ್ಲಿ ದುಂಡಗಿನ ಚೌಕಟ್ಟಿನೊಳಗೆ ನಾನು. ಸಭೆಯಲ್ಲಿ ಅಮ್ಮ ಶಾಲು ಹೊದ್ದುಕೊಂಡು ಅತ್ತರು. ಪತ್ರ ಓದಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಎಲ್ಲ ಗುಂಪುಗಳಿಗೂ ಕಳಿಸಿದರು. ಊರಿನ ಒಂದು ಸಣ್ಣ ಪತ್ರಿಕೆಯಲ್ಲೂ ಬಂತು.

ನಾಲ್ಕನೆಯ ದಿನ ನಡುಮಧ್ಯಾಹ್ನ ತಂಗಿಯ ಕರೆ ಬಂತು. ಆ ಹೊತ್ತಿಗೆ ಅವಳ ಕೈಯಲ್ಲಿ ಫೋನು ಇರುವುದೇ ಇಲ್ಲ. ಆ ಮಾತನ್ನು ಯಾರು ಹೇಳಿದ್ದು ಎಂದು ಕೇಳಿದಳು. ಕಾರ್ಯದರ್ಶಿ ಮನೆಗೆ ಬಂದಿದ್ದರು ಎಂದು ಶುರು ಮಾಡಿದೆ. ಅವಳಿಗೆ ಅಷ್ಟು ಸಾಕಾಯಿತು.

"ಮೊದಲು ಬೋರ್ಡು ತೆಗೆಸು ಅಣ್ಣ. ಆಮೇಲೆ ಮಾತಾಡುವ."

ಬಲೆ ಕತ್ತರಿಸುವ ಚೂರಿ ಹಿಡಿದುಕೊಂಡು ಹೋಗಿ ನಾನೇ ಎರಡನ್ನೂ ಇಳಿಸಿದೆ. ಉದ್ಯಾವರದಲ್ಲಿ ಏಣಿಯ ಮೇಲಿದ್ದಾಗ ಪರಿಚಯದ ಒಬ್ಬರು ಬೈಕ್ ನಿಲ್ಲಿಸಿ, ಇಷ್ಟು ಬೇಗ ಯಾಕೆ ತೆಗೆಯುತ್ತೀ, ಇನ್ನೊಂದು ವಾರ ಇರಲಿ ಎಂದರು. ಮನೆಗೆ ತಂದ ಫ್ಲೆಕ್ಸನ್ನು ಅಮ್ಮ ಮರುದಿನ ಸೌದೆಯ ಮೇಲೆ ಹೊದಿಸಿದ್ದರು. ನಾನು ಹೋಗಿ ಅಕ್ಷರ ಒಳಗೆ ಬರುವ ಹಾಗೆ ತಿರುಗಿಸಿ ಹಾಕಿದೆ.

ಇಲ್ಲಿಯವರೆಗಿನದು ಜಂಬ. ಜಂಬಕ್ಕೆ ಒಂದು ಕ್ಷಮೆ ಇರಬಹುದು. ನಾನು ಹೇಳಬೇಕಾದದ್ದು ಇದರ ಮುಂದಿನದು.

ಎರಡು ವಾರ ಕಳೆದು ಉಡುಪಿಯ ಒಂದು ಸರಕಾರಿ ಕಟ್ಟಡಕ್ಕೆ ಬರುವಂತೆ ನನಗೆ ಕರೆ ಬಂತು. ಕೋಣೆಯಲ್ಲಿ ವಿಚಾರಣೆಗೆ ಬಂದ ಇಬ್ಬರು ಅಧಿಕಾರಿಗಳಿದ್ದರು. ಒಬ್ಬರಿಗೆ ಒಳ್ಳೆಯ ಕನ್ನಡ ಬರುತ್ತಿತ್ತು. ಚಹಾ ತರಿಸಿದರು, ಗದರಿಸಲಿಲ್ಲ. ಬೋಟು ಯಾವುದು, ಎಷ್ಟು ಜನ, ಎಷ್ಟು ದಿನಕ್ಕೆ ಹೋಗುತ್ತೀರಿ ಎಂದೆಲ್ಲ ಕೇಳಿದರು. ಬೋಟಿನ ಪರವಾನಗಿ ನಿಮ್ಮ ಹೆಸರಿನಲ್ಲೇ ಇದೆಯಲ್ಲ ಎಂದು ಒಂದು ಮಾತು ಕೇಳಿದರು. ಈಗ ಯೋಚಿಸಿದರೆ ಅದು ಬರೀ ವಿಚಾರಿಸಿದ ಮಾತು. ಆಗ ನನಗೆ ಬೋಟು ದಡದಲ್ಲಿ ತುಕ್ಕು ಹಿಡಿಯುತ್ತಿರುವುದು ಕಣ್ಣಿಗೆ ಕಟ್ಟಿತು. ಆಮೇಲೆ ಅವರು ಫ್ಲೆಕ್ಸಿನ ಫೋಟೋ ಮೇಜಿನ ಮೇಲಿಟ್ಟರು.

"ಈ ಎರಡು ಸಾಲು ಸಂಘಕ್ಕೆ ಯಾರು ಕೊಟ್ಟದ್ದು?"

"ತಂಗಿಯೇ ಬರೆದು ಕಳಿಸಿದ್ದು."

ಇಷ್ಟೇ ನಾನು ಹೇಳಿದ್ದು. ಅವರು ಬರೆದರು, ಓದಿ ಹೇಳಿದರು, ಸರಿಯೇ ಎಂದು ಕೇಳಿದರು, ನಾನು ಸಹಿ ಹಾಕಿದೆ. ಪೆನ್ನಿನ ಮುಚ್ಚಳ ಇನ್ನೂ ನನ್ನ ಎಡಗೈಯಲ್ಲಿತ್ತು. ಆ ಕಾಗದ ಇಲ್ಲಿ ಕೊಡಿ, ತಪ್ಪು ಹೇಳಿದೆ ಎನ್ನಲು ಅಷ್ಟು ಹೊತ್ತು ಇತ್ತು. ಮುಚ್ಚಳ ಹಾಕಿ ಪೆನ್ನು ವಾಪಸು ಕೊಟ್ಟೆ. ಬಸ್ಸಿನಲ್ಲಿ ಬರುವಾಗ ನನಗೆ ನಾನೇ ವಾದ ಮಾಡಿದೆ. ಬಾಯಲ್ಲಿ ಹೇಳಿದ್ದಂತೂ ಅವಳೇ ಅಲ್ಲವೇ, ಬರೆದು ಕಳಿಸಿದಳು ಎಂದರೆ ಎಷ್ಟು ವ್ಯತ್ಯಾಸ, ಓದಿದವಳು, ಅವಳು ಹೇಗಾದರೂ ನಿಭಾಯಿಸುತ್ತಾಳೆ. ಕಾಪು ಬರುವ ಹೊತ್ತಿಗೆ ಅದನ್ನು ನಂಬಿದ್ದೆ.

ಅವಳನ್ನು ಆ ಗುಂಪಿನಿಂದ ತೆಗೆದರು. ಕೆಲಸದಿಂದ ತೆಗೆಯಲಿಲ್ಲ, ಬೇರೆ ವಿಭಾಗಕ್ಕೆ ಹಾಕಿದರು. ಏಳು ವರ್ಷ ತೆರೆದ ಬಾಗಿಲು ಅವಳ ಕಾರ್ಡಿಗೆ ತೆರೆಯಲಿಲ್ಲ. ಹಳೆಯ ಕಡತಗಳನ್ನು ಜೋಡಿಸುವ ಕೆಲಸ ಕೊಟ್ಟರು. ಕೆಲವು ತಿಂಗಳು ಅದನ್ನೇ ಮಾಡಿ ಬಿಟ್ಟು ಬಂದಳು. ಈಗ ಕಾರ್ಕಳದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಮಕ್ಕಳಿಗೆ ಅವಳೆಂದರೆ ಇಷ್ಟವಂತೆ. ನನ್ನ ಹತ್ತಿರ ಅವಳು ಮಾತು ಬಿಡಲಿಲ್ಲ. ತಿಂಗಳಿಗೊಮ್ಮೆ ಕಾಪುವಿಗೆ ಬರುತ್ತಾಳೆ, ಅಂಜಲ್ ಮೀನು ಸಿಕ್ಕಿತಾ, ಗಾಳಿ ಹೇಗಿತ್ತು ಎಂದು ಕೇಳುತ್ತಾಳೆ. ಆಕಾಶದ ಮಾತು ಮಾತ್ರ ಇಲ್ಲ. ಬೈದಿದ್ದರೆ ನಾನು ಆವತ್ತೇ ಹೇಳಿಬಿಡುತ್ತಿದ್ದೆನೋ ಏನೋ.

ಕಳೆದ ಮಳೆಗಾಲ ನಾನು ಜಗಲಿಯಲ್ಲಿದ್ದೆ. ಒಳಗೆ ಅಮ್ಮ ಮತ್ತು ಅವಳು ಹಲಸಿನ ಬೀಜ ಸುಲಿಯುತ್ತಿದ್ದರು. ಅಂಥ ಕೆಲಸ ಯಾಕೆ ಬಿಟ್ಟೆ ಎಂದು ಅಮ್ಮ ನೂರನೆಯ ಸಲ ಕೇಳಿರಬೇಕು. ಅವಳು ತಣ್ಣಗೆ ಹೇಳಿದ್ದು ಕೇಳಿಸಿತು.

"ಆ ಬೋರ್ಡಿನದ್ದು ನಾನೇ ಬರೆದು ಕೊಟ್ಟದ್ದಮ್ಮ. ಅವರು ಕೇಳಿದಾಗ ಹೌದು ಅಂತ ಹೇಳಿದೆ."

ಅಮ್ಮ ಅವಳನ್ನು ಬೈದರು. ಹೊಗಳಿಕೆಯ ಆಸೆಗೆ ಬಿದ್ದು ಹಾಳಾದೆ ಎಂದರು. ನಾನು ಗೋಡೆಯ ಈಚೆ ಕುಳಿತು ಎಲ್ಲವನ್ನೂ ಕೇಳಿದೆ. ನನ್ನ ಸಹಿಯ ಕಾಗದವನ್ನು ಅವಳ ಮುಂದೆ ಇಟ್ಟಿದ್ದಾರೆ ಎಂದು ಆಗ ಗೊತ್ತಾಯಿತು. ಅಕ್ಷರ ಅಕ್ಷರ ಬಿಡಿಸಿ ಬರೆಯುವ ನನ್ನ ಸಹಿ ಅವಳಿಗೆ ಗುರುತು ಸಿಗದೆ ಇರುತ್ತದೆಯೇ? ಸುಳ್ಳು ಎಂದಿದ್ದರೆ ಅವರು ನನ್ನನ್ನು ಮತ್ತೆ ಕರೆಯುತ್ತಿದ್ದರು. ಅದಕ್ಕೇ ಹೌದು ಎಂದಳು. ಆಗಲೂ ನಾನು ಎದ್ದು ಒಳಗೆ ಹೋಗಲಿಲ್ಲ.

ಮೂರು ದಿನ ಕೂತು ಇನ್ನೊಂದು ನೋಟ್‌ಬುಕ್ಕಿನಲ್ಲಿ ಒಂದು ಕಾಗದ ಬರೆದೆ. ನಡೆದದ್ದನ್ನೆಲ್ಲ ಬರೆದು, ತಪ್ಪು ನನ್ನದು, ತಂಗಿಯನ್ನು ವಾಪಸು ತೆಗೆದುಕೊಳ್ಳಿ ಎಂದು ಕೇಳಿದೆ. ಕಳಿಸುವ ವಿಳಾಸ ಗೊತ್ತಿರಲಿಲ್ಲ. ನೋಟ್‌ಬುಕ್ಕನ್ನೇ ಹಿಡಿದುಕೊಂಡು ಪಡುಬಿದ್ರೆಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದೆ. ಅವಳು ಕಾಲೇಜಿನಿಂದ ಬಂದು ಕೈಕಾಲು ತೊಳೆದುಕೊಂಡಿದ್ದಳು. ಬಾಯಲ್ಲಿ ಹೇಳಲು ಆಗದೆ ಪುಸ್ತಕ ತೆರೆದು ಎದುರಿಗಿಟ್ಟೆ.

ನಿಧಾನವಾಗಿ ಓದಿದಳು. ಎರಡನೆಯ ಪುಟದಲ್ಲಿ ನಿಂತಳು. ಮೇಜಿನ ಮೇಲಿದ್ದ ಪೆನ್ನು ತೆಗೆದು ಎರಡು ಸಾಲನ್ನು ಗೀಚತೊಡಗಿದಳು. ಅಕ್ಷರದ ಗುರುತು ಉಳಿಯದ ಹಾಗೆ, ಕಾಗದ ಹರಿಯುವವರೆಗೂ ಗೀಚಿದಳು.

"ಪುನಃ ಬರೆದಿದ್ದೀಯಲ್ಲ ಮಾರಾಯ."

ಏನು ಹೇಳಿದ್ದೆ ಎಂದು ವಿವರಿಸುವ ಭರದಲ್ಲಿ ಆ ಎರಡು ಮಾತನ್ನು ನಾನು ಮತ್ತೆ ಇದ್ದ ಹಾಗೇ ಬರೆದಿದ್ದೆ. ನನಗೆ ಗೊತ್ತೇ ಆಗಿರಲಿಲ್ಲ. ಅವಳು ಮುಂದಿನ ಖಾಲಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನಾನು ಒತ್ತಿ ಬರೆಯುವವನು, ಅದರ ಮೇಲೂ ಅಚ್ಚು ಬಿದ್ದಿತ್ತು. ಅದನ್ನೂ ಹರಿದು ಚೂರು ಮಾಡಿ ಒಲೆಗೆ ಹಾಕಿ ಬಂದಳು. ಆ ಕಚೇರಿಯ ಬಾಗಿಲು ಅವಳಿಗೆ ಮುಚ್ಚಿ ಎರಡು ವರ್ಷವಾಗಿತ್ತು.

ಇದನ್ನು ಕಳಿಸಿದರೆ ನಿನ್ನನ್ನು ವಾಪಸು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದೆ.

"ಇಲ್ಲ. ನಾನು ಹೌದು ಅಂತ ಹೇಳಿದ್ದೂ ಸುಳ್ಳೇ ಅಲ್ವಾ? ಸುಳ್ಳು ಹೇಳಿದವಳನ್ನು ಅಲ್ಲಿಗೆ ಬಿಡುವುದಿಲ್ಲ. ಬಿಡಲೂ ಬಾರದು." ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದಳು. "ಕಳಿಸುವುದಾದರೆ ಕಳಿಸು. ನನಗೋಸ್ಕರ ಅಂತ ಮಾತ್ರ ಬೇಡ."

ಆಮೇಲೆ ಅವಲಕ್ಕಿ ಮಾಡಿ ಕೊಟ್ಟಳು. ಮಳೆ ಜೋರಾಗುವ ಮೊದಲು ಬಸ್ಸು ಹಿಡಿ ಎಂದಳು.

ಕಾಗದ ಇನ್ನೂ ಕಳಿಸಿಲ್ಲ. ಗೀಚಿದ ಎರಡು ಸಾಲಿನ ಸಮೇತ ಪಾಯಿಂಟ್ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯೊಳಗೆ ಇದೆ. ನೀವು ಓದುತ್ತಿರುವ ಇದನ್ನು ಬರೆಯಲೇ ಎಂದು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಅವಳಿಗೆ ತೋರಿಸಿಯೇ ಅಚ್ಚಿಗೆ ಕೊಡುತ್ತೇನೆ.

ಆದರೆ ಆ ಸಂಜೆ ಮನೆಗೆ ಬಂದವನು ಒಂದು ಕೆಲಸ ಮಾಡಿದೆ. ಅಮ್ಮ ಹಿತ್ತಲಿನಲ್ಲಿ ಬೂತಾಯಿ ಮೀನು ಶುಚಿ ಮಾಡುತ್ತಿದ್ದರು. ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತು ಹೇಳಿದೆ. ಬೋರ್ಡಿಗೆ ಬರೆಸಿದ್ದು ನಾನು, ಉಡುಪಿಯಲ್ಲಿ ಸುಳ್ಳು ಹೇಳಿದ್ದು ನಾನು, ಅವಳು ಯಾರಿಗೂ ಏನೂ ಬರೆದು ಕೊಟ್ಟಿರಲಿಲ್ಲ. ಅಮ್ಮ ಕೈಯಲ್ಲಿದ್ದ ಮೀನನ್ನು ಮುಗಿಸಿದರು, ಇನ್ನೊಂದನ್ನು ತೆಗೆದುಕೊಂಡರು, ಅದನ್ನೂ ಮುಗಿಸಿದರು. ಆಮೇಲೆ ಕೈ ತೊಳೆದು ಸೆರಗಿಗೆ ಒರಸಿಕೊಂಡರು.

"ಅವಳಿಗೆ ಫೋನು ಮಾಡಿ ಕೊಡು."

ಮಾಡಿ ಕೊಟ್ಟೆ. ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ತೆಂಗಿನ ಮರಗಳ ಆಚೆ ಬಾವಿಯ ಕಟ್ಟೆಯವರೆಗೆ ನಡೆದು ಹೋಗಿ, ನನಗೆ ಬೆನ್ನು ಹಾಕಿ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರು ಎಂದು ಇಬ್ಬರೂ ನನಗೆ ಹೇಳಿಲ್ಲ. ನಾನು ಕೇಳಿಲ್ಲ.